ಮೂವರು ಗಂಡಸರು ಜೋಡಿಸಿದ ಸೈಕಲ್ಲು

ಸೈಕಲ್ಲು ಬಂದದ್ದು ಒಂದು ಭಾನುವಾರ ಬೆಳಿಗ್ಗೆ. ಅದನ್ನು ನಾನೇ ಜೋಡಿಸಬೇಕು ಎಂಬುದು ನನ್ನ ಹಟವಾಗಿತ್ತು. ಆ ಹಟವನ್ನು ಮನೆಯಲ್ಲಿ ಬಾಯಿಬಿಟ್ಟು ಹೇಳಿಯೂ ಇದ್ದೆ. ಹೇಳಿದರೆ ಸಾಕು ಎಂದುಕೊಂಡಿದ್ದೇ ತಪ್ಪಾಯಿತು.

ನಾವಿರುವುದು ಬಾಗಲಗುಂಟೆಯಲ್ಲಿ, ಬಾಡಿಗೆ ಕಟ್ಟಡವೊಂದರ ಮೊದಲ ಮಹಡಿಯಲ್ಲಿ. ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್. ಪಂಪಿನ ಬಿಡಿಭಾಗಗಳು ಲೇತಿನಿಂದ ಇಳಿದು ನನ್ನ ಮೇಜಿಗೆ ಬರುತ್ತವೆ. ಅಳೆದು, ತಿರುಗಿಸಿ ನೋಡಿ, ಸರಿ ಇದ್ದರೆ ಮುಂದೆ ಕಳಿಸುತ್ತೇನೆ, ಇಲ್ಲದಿದ್ದರೆ ಪಕ್ಕಕ್ಕಿಡುತ್ತೇನೆ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದಾಗ ನಾನು ಕೇಳಿದ್ದು ಅಸೆಂಬ್ಲಿ ವಿಭಾಗವನ್ನು. ಆಗಿನ ಸೂಪರ್‌ವೈಸರ್ ಬಹಳ ಒಳ್ಳೆಯ ಮನುಷ್ಯರು. ಕೆಟ್ಟವರ ಜೊತೆ ಜಗಳವಾಡಬಹುದು, ಒಳ್ಳೆಯವರ ಜೊತೆ ಆಡುವುದು ಹೇಗೆ? "ಅಲ್ಲೆಲ್ಲ ಬರೀ ಗ್ರೀಸು ಕಣಮ್ಮಾ, ಬಟ್ಟೆಯೆಲ್ಲ ಹಾಳಾಗತ್ತೆ. ಇಲ್ಲಿ ಫ್ಯಾನಿನ ಕೆಳಗೆ ಆರಾಮಾಗಿ ಅಳತೆ ಮಾಡ್ಕೊಂಡಿರು" ಎಂದರು. ಅಂದಿನಿಂದ ಇನ್ನೊಬ್ಬರು ಮಾಡಿದ್ದನ್ನು ಅಳೆಯುತ್ತಲೇ ಇದ್ದೇನೆ. ಒಂದು ಬೋಲ್ಟನ್ನು ಇನ್ನೊಂದಕ್ಕೆ ಕೂಡಿಸಿ, ಇದು ನಾನು ಮಾಡಿದ್ದು ಎಂದು ಹೇಳಿಕೊಳ್ಳುವ ವಸ್ತು ನನ್ನ ಬದುಕಿನಲ್ಲಿ ಒಂದೂ ಇರಲಿಲ್ಲ. ಮನೆಯಲ್ಲಿ ಮಿಕ್ಸಿ ಕೆಟ್ಟರೂ ನನ್ನ ಗಂಡನೇ ಬಿಚ್ಚಬೇಕು.

ನನ್ನ ಗಂಡ ಇನ್ನೊಂದು ಕಾರ್ಖಾನೆಯಲ್ಲಿ ಮೆಂಟೆನೆನ್ಸ್ ಇನ್‌ಚಾರ್ಜ್. ಸ್ಕ್ರೂ ಕಂಡರೆ ಅವರ ಕೈ ಸುಮ್ಮನಿರುವುದಿಲ್ಲ. ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗ ಅಲ್ಲಾಡುವ ಮಡಿಸುವ ಕುರ್ಚಿಯನ್ನು ಜೇಬಿನಲ್ಲಿದ್ದ ಸ್ಪ್ಯಾನರಿನಿಂದ ಬಿಗಿ ಮಾಡಿ, ಆಮೇಲೆ ಎಲೆಯ ಮುಂದೆ ಕೂತ ಮನುಷ್ಯ ಇವರು.

ಸೈಕಲ್ಲು ಬೇಕಾದದ್ದಕ್ಕೆ ಕಾರಣ ನಮ್ಮ ರಸ್ತೆ. ಮನೆಯಿಂದ ಕಾರ್ಖಾನೆಗೆ ದೂರವೇನಿಲ್ಲ, ಆದರೆ ರಸ್ತೆಯನ್ನು ಮೊದಲು ಪೈಪಿಗೆಂದು ಅಗೆದರು, ಮುಚ್ಚಿದರು, ಆಮೇಲೆ ಕೇಬಲ್ಲಿಗೆಂದು ಅಗೆದರು, ಮುಚ್ಚುವುದನ್ನು ಮರೆತರು. ಆಟೋದವರು ಪೀಣ್ಯ ಅಂದರೆ ಮುಖ ತಿರುಗಿಸುತ್ತಾರೆ. ಸ್ಕೂಟರಿನಲ್ಲಿ ಹೋದರೆ ಸೊಂಟ ಉಳಿಯುವುದಿಲ್ಲ. ದಪ್ಪ ಟೈರಿನ, ಮುಂದೆ ಸ್ಪ್ರಿಂಗಿರುವ ಮೌಂಟೇನ್ ಬೈಕೇ ಸರಿ ಎಂದು ತೀರ್ಮಾನಿಸಿದೆ. "ಬಾಗಲಗುಂಟೇಲಿ ಬೆಟ್ಟ ಎಲ್ಲಿದೆ ಕಣೇ?" ಎಂದು ನನ್ನ ಗಂಡ ನಕ್ಕರು. ಬೆಟ್ಟ ಇಲ್ಲದಿದ್ದರೇನು, ಹಳ್ಳ ಇದೆಯಲ್ಲ ಎಂದೆ. ಅಂಗಡಿಗೆ ಹೋದರೆ ಅಲ್ಲಿಯವನು ನನಗೆ ಮುಂದೆ ಬುಟ್ಟಿಯಿರುವ ಗುಲಾಬಿ ಬಣ್ಣದ ಸೈಕಲ್ಲನ್ನೇ ಮತ್ತೆ ಮತ್ತೆ ತೋರಿಸಿದ. ಮೈ ಉರಿದು ಹೊರಗೆ ಬಂದು, ಬಸ್‌ಸ್ಟಾಪಿನಲ್ಲಿ ನಿಂತೇ ಫೋನಿನಲ್ಲಿ ಆರ್ಡರ್ ಮಾಡಿದೆ.

ರಟ್ಟಿನ ಡಬ್ಬ ಕೆಳಗಿನ ಪಾರ್ಕಿಂಗಿನಲ್ಲಿ ಬಂದು ಕೂತಿತು. ಒಳಗೆ ಮುಕ್ಕಾಲು ಪಾಲು ಜೋಡಿಸಿದ ಸೈಕಲ್ಲು. ಹ್ಯಾಂಡಲ್, ಮುಂದಿನ ಚಕ್ರ, ಪೆಡಲುಗಳು, ಸೀಟು ಇಷ್ಟನ್ನು ನಾವು ಹಾಕಿಕೊಳ್ಳಬೇಕು. ಬ್ರೇಕು, ಗೇರು ಸರಿಮಾಡಿಕೊಳ್ಳಬೇಕು. ಜೊತೆಗೊಂದು ಮಡಿಸಿದ ಹಾಳೆ. ಅದರಲ್ಲಿದ್ದ ಚಿತ್ರ ಯಾವುದೋ ಬೇರೆ ಸೈಕಲ್ಲಿನದು. ನಾನು ಚಾಪೆ ಹಾಸಿ, ಬೋಲ್ಟುಗಳನ್ನು ತಟ್ಟೆಯೊಂದರಲ್ಲಿ ಬೇರೆ ಬೇರೆಯಾಗಿ ಇಟ್ಟೆ. ಅಲೆನ್ ಕೀ ಕೈಗೆ ತೆಗೆದುಕೊಂಡೆ. ಹೊಸ ಸೀರೆ ಉಟ್ಟಾಗಲೂ ನನಗೆ ಅಷ್ಟು ಸಂತೋಷವಾದದ್ದು ನೆನಪಿಲ್ಲ.

"ಒಂದ್ ಲೋಟ ಕಾಫಿ ಮಾಡ್ಕೊಂಡ್ ಬಂದ್ಬಿಡು, ಕುಡಿದು ಶುರು ಮಾಡೋಣ" ಎಂದರು ನನ್ನ ಗಂಡ.

ಮಾಡೋಣ ಎಂಬುದು ನನ್ನ ಕಿವಿಗೆ ಬಿತ್ತು. ಆದರೂ ಹೋದೆ. ಕಾಫಿ ತರುವಷ್ಟರಲ್ಲಿ ಹ್ಯಾಂಡಲ್ ಕೂತಿತ್ತು.

"ರೀ, ನಾನು ಮಾಡ್ತೀನಿ ಅಂದಿದ್ನಲ್ಲ?"

"ಇದೊಂದೇ ಕಣೇ. ಇದು ಸ್ವಲ್ಪ ಬಲ ಕೇಳತ್ತೆ. ಮಿಕ್ಕಿದ್ದೆಲ್ಲ ನೀನೇ."

ಅಷ್ಟರಲ್ಲಿ ಪಕ್ಕದ ಒಂಟಿ ಕೋಣೆಯಲ್ಲಿ ಬಾಡಿಗೆಗಿರುವ ಗದಗದ ಕಡೆಯವನು ಹಲ್ಲುಜ್ಜುತ್ತಾ ಬಂದ. ಅವನು ಫ್ಯಾಬ್ರಿಕೇಶನ್ ಶೆಡ್ಡೊಂದರಲ್ಲಿ ವೆಲ್ಡರು. ಊರಿನಲ್ಲಿ ಹೆಂಡತಿ ಮಕ್ಕಳಿರುವ ಗೃಹಸ್ಥ, ನನ್ನನ್ನು ಕಂಡರೆ ತುಂಬಾ ಗೌರವ. ಆ ಗೌರವವೇ ನನಗೆ ಮುಳುವಾಯಿತು. "ಅಕ್ಕಾರ, ನೀವ್ಯಾಕ ಕೈ ಹೊಲಸ್ ಮಾಡ್ಕೋತೀರಿ? ಸುಮ್ಕ ಕುಂದರ್ರಿ, ನಾವದೀವಲ್ಲ" ಎಂದು ಬ್ರಷ್ಷನ್ನು ಬಾಯಲ್ಲೇ ಕಚ್ಚಿಕೊಂಡು ಮುಂದಿನ ಚಕ್ರ ಎತ್ತಿಕೊಂಡ. ಅವನಿಗೂ ಕಾಫಿ ಕೊಡದಿದ್ದರೆ ಹೇಗೆ? ಮತ್ತೆ ಮಹಡಿ ಹತ್ತಿದೆ. ಇಳಿದು ಬರುವಷ್ಟರಲ್ಲಿ ಚಕ್ರ ಕೂತಿತ್ತು, ಒಂದು ಪೆಡಲೂ ಕೂತಿತ್ತು. ಮನೆಗೆ ಬಂದವರಿಗೆ ಕಾಫಿ ಕೊಡುವ ನಮ್ಮ ಪದ್ಧತಿಯನ್ನು ಅಂದು ನಾನು ಶಪಿಸಿದಷ್ಟು ಇನ್ಯಾರೂ ಶಪಿಸಿರಲಾರರು.

ಮೂರನೆಯವರು ಕಟ್ಟಡದ ಮಾಲೀಕರು. ಈ ಕಡೆಯ ಹಳೆಯ ಒಕ್ಕಲು ಮನೆತನದವರು. ರಾಗಿ ಬೆಳೆಯುತ್ತಿದ್ದ ಅವರ ಹೊಲದ ಮೇಲೆಯೇ ನಮ್ಮ ಬೀದಿಯ ಅರ್ಧ ನಿಂತಿದೆ. ತಾತ ಎಂದು ಎಲ್ಲರೂ ಕರೆಯುತ್ತಾರೆ. ಅವರು ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು. "ಅಂಗಲ್ಲ ಕಣಯ್ಯಾ, ಇಂಗೆ ತಿರುಗ್ಸು" ಎಂದರು. ಯಾವುದನ್ನು, ಎತ್ತ ತಿರುಗಿಸಬೇಕೆಂದು ಹೇಳಲಿಲ್ಲ. ಆದರೂ ಇಬ್ಬರೂ ಒಂದೊಂದನ್ನು ಒಂದೊಂದು ಕಡೆಗೆ ತಿರುಗಿಸಿದರು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವ ಹಾಗೆ, ವೆಲ್ಡರು ಸಡಿಲ ಮಾಡಿದ್ದನ್ನು ನನ್ನ ಗಂಡ ಬಿಗಿ ಮಾಡುತ್ತಿದ್ದರು. ಅವರಿಗೆ ಬಿಗಿ ಎಂದರೆ ಪ್ರಾಣ. "ಟೈಟ್ ಇದ್ರೆ ಯಾವತ್ತೂ ತೊಂದ್ರೆ ಇಲ್ಲ" ಎಂಬುದು ಅವರ ಇಡೀ ವೃತ್ತಿಜೀವನದ ಸಾರ. ಅದರ ಫಲವಾಗಿ ಹ್ಯಾಂಡಲ್ ಎತ್ತಿನಗಾಡಿಯ ಮೂಕಿಯ ಹಾಗೆ ಎರಡು ಕೈಯಲ್ಲಿ ತಳ್ಳಿದರೆ ಮಾತ್ರ ಹೊರಳುತ್ತಿತ್ತು.

ನಾನು ಪಕ್ಕದಲ್ಲಿ ನಿಂತು ನೋಡಿದೆ. ನೋಡುವುದಷ್ಟೇ ತಾನೆ ನನಗೆ ಬಿಟ್ಟದ್ದು. ಕಣ್ಣು ಮಾತ್ರ ಅದರ ಕೆಲಸ ಮಾಡಿತು. ಹಿಂದಿನ ಚಕ್ರದ ಬ್ರೇಕ್ ಡಿಸ್ಕು ಎಡಕ್ಕಿದೆ, ಮುಂದಿನದು ಬಲಕ್ಕಿದೆ. ಅಂದರೆ ಮುಂದಿನ ಚಕ್ರವನ್ನು ಹಿಡಿಯುವ ಕವೆಯೇ ಹಿಂದುಮುಂದಾಗಿ ಕೂತಿದೆ. ಡಬ್ಬದೊಳಗೆ ಜಾಗ ಸಾಲಲಿ ಎಂದು ಅದನ್ನು ಹಿಂದಕ್ಕೆ ತಿರುಗಿಸಿ ಇಟ್ಟಿದ್ದರು. ಇವರು ಅದು ಹೇಗಿತ್ತೋ ಹಾಗೆಯೇ ಹ್ಯಾಂಡಲ್ ಹಾಕಿ ಬಿಗಿದಿದ್ದರು.

"ರೀ, ಮುಂದಿಂದು ಉಲ್ಟಾ ಇದೆ."

"ಯಾವ್ದು?"

"ಡಿಸ್ಕ್ ನೋಡಿ. ಒಂದು ಎಡಕ್ಕೆ, ಒಂದು ಬಲಕ್ಕೆ."

ಮೂವರೂ ಬಗ್ಗಿ ನೋಡಿದರು. ಆಮೇಲೆ ನನ್ನ ಗಂಡ, "ಬ್ಯಾಲೆನ್ಸಿಗೆ ಕಣೇ. ಎರಡೂ ಒಂದೇ ಕಡೆ ಇದ್ರೆ ಗಾಡಿ ಎಳೆಯತ್ತಲ್ಲ, ಅದಕ್ಕೆ ಕಂಪನಿಯವರು ಹಾಗೆ ಕೊಟ್ಟಿರ್ತಾರೆ" ಎಂದರು. "ಖರೇ ಐತ್ರಿ" ಎಂದ ವೆಲ್ಡರು. "ಬುದ್ಧಿವಂತ್ರು ಮಾಡಿರ್ತಾರೆ ಕಣವ್ವ" ಎಂದರು ತಾತ. ಕಾರ್ಖಾನೆಯಲ್ಲಿ ನಾನು ಇದು ಸರಿಯಿಲ್ಲ ಅಂದರೆ ಇಡೀ ಲಾಟು ನಿಲ್ಲುತ್ತದೆ. ಮನೆಯ ಪಾರ್ಕಿಂಗಿನಲ್ಲಿ ಹೇಳಿದರೆ ನನ್ನ ಮಾತಿಗೆ ಮೂರು ಕಾಸಿನ ಬೆಲೆ ಇಲ್ಲ. ಸಿಟ್ಟು ನೆತ್ತಿಗೇರಿತು. ಆದರೆ ಆ ಮೂವರ ಮುಖದಲ್ಲೂ ನನಗೆ ಉಪಕಾರ ಮಾಡುತ್ತಿರುವ ತೃಪ್ತಿ ಎಷ್ಟಿತ್ತೆಂದರೆ, ಬೈಯಲು ಬಾಯಿ ಬರಲಿಲ್ಲ.

ಇಷ್ಟು ಸಾಲದು ಎಂಬಂತೆ, ತಾತ ಒಳಗೆ ಹೋಗಿ ಹೊಲಿಗೆ ಮಿಷನ್ನಿನ ಎಣ್ಣೆಯ ಬುಡ್ಡಿ ತಂದರು. ನಾನು ಪೆಡಲಿಗೆ ಸುತ್ತಿ ಬಂದಿದ್ದ ಪ್ಲಾಸ್ಟಿಕ್ಕು ಹೆಕ್ಕುತ್ತಾ ಬಗ್ಗಿದ್ದೆ. ತಲೆಯೆತ್ತುವಷ್ಟರಲ್ಲಿ ಅವರು ಚೈನಿಗೆ ಬಿಟ್ಟು, ಚಕ್ರದ ನಡುವಿಗೆ ಬಿಟ್ಟು, ಕೊನೆಗೆ ಎರಡೂ ಬ್ರೇಕ್ ಡಿಸ್ಕುಗಳಿಗೆ ಧಾರಾಳವಾಗಿ ಎಣ್ಣೆ ಬಿಟ್ಟು, ತಮ್ಮ ಹೆಗಲ ಮೇಲಿನ ವಸ್ತ್ರದಿಂದ ಸವರುತ್ತಿದ್ದರು.

"ತಾತಾ! ಅದಕ್ಕೆ ಎಣ್ಣೆ ಹಾಕಬಾರ್ದು! ಅದು ಬ್ರೇಕು!"

"ಒಸಾ ಗಾಡಿ ಕಣವ್ವ. ಎಣ್ಣೆ ಕಾಣಿಸ್ದೆ ಓಡ್ಸಕ್ಕಾಯ್ತದಾ?"

ಉಳಿದಿಬ್ಬರೂ ಆಕ್ಷೇಪಿಸಲಿಲ್ಲ. ಪೀಣ್ಯದ ಸುತ್ತಮುತ್ತ ಹೊಸ ಯಂತ್ರಕ್ಕೆ ಮೊದಲು ಎಣ್ಣೆ, ಆಮೇಲೆ ಕುಂಕುಮ, ಆಮೇಲೆ ಸ್ವಿಚ್ಚು. ತಿರುಗುವ ಕಬ್ಬಿಣಕ್ಕೆಲ್ಲ ಎಣ್ಣೆ ಬೇಕು ಎಂಬುದು ಇಲ್ಲಿಯ ಗಾಳಿಯಲ್ಲೇ ಇದೆ. ಹಿಡಿದು ನಿಲ್ಲಿಸಬೇಕಾದ ಕಬ್ಬಿಣಕ್ಕೆ ಎಣ್ಣೆ ಹಾಕಿದರೆ ಅದು ನಿಲ್ಲಿಸುವುದಾದರೂ ಹೇಗೆ ಎಂದು ಯಾರಿಗೂ ಹೊಳೆಯಲಿಲ್ಲ.

ನನ್ನ ಗಂಡ ಸೀಟನ್ನು ತಮ್ಮ ಎತ್ತರಕ್ಕೆ ಏರಿಸಿಕೊಂಡು, "ಟ್ರಯಲ್ ನೋಡ್ತೀನಿ" ಎಂದು ಹತ್ತಿಯೇಬಿಟ್ಟರು. ನನ್ನ ಸೈಕಲ್ಲಿನ ಮೇಲೆ ಮೊದಲು ಕೂತದ್ದೂ ನಾನಲ್ಲ. ನಮ್ಮ ಬೀದಿ ಮೋರಿಯ ಕಡೆಗೆ ಇಳಿಜಾರು. ಅವರು ಠೀವಿಯಿಂದ ಹೋದರು. ತಿರುವಿನ ಹತ್ತಿರ ಬ್ರೇಕು ಒತ್ತಿದ್ದು ಬೆನ್ನು ನೆಟ್ಟಗಾದದ್ದರಿಂದ ಗೊತ್ತಾಯಿತು. ಸೈಕಲ್ಲಿಗೆ ಗೊತ್ತಾಗಲಿಲ್ಲ. ಎರಡೂ ಕಾಲನ್ನು ನೆಲಕ್ಕೆ ಉಜ್ಜುತ್ತಾ, ಯಾರೋ ಮನೆ ಕಟ್ಟಿಸಲು ತಂದು ಸುರಿದಿದ್ದ ಜಲ್ಲಿಕಲ್ಲಿನ ರಾಶಿಗೆ ನುಗ್ಗಿ ನಿಂತರು. ಚಪ್ಪಲಿಯ ಉಂಗುಷ್ಠ ಕಿತ್ತುಹೋಗಿತ್ತು. ಮೊಣಕೈ ತರಚಿತ್ತು. ಕುಂಟುತ್ತಾ ಸೈಕಲ್ಲು ತಳ್ಳಿಕೊಂಡು ಬಂದು, ಒಂದು ಮಾತು ಹೇಳಿದರು: "ಬ್ರೇಕು ಸ್ವಲ್ಪ ಟೈಟ್ ಮಾಡ್ಬೇಕು."

ನಾನು ಮಹಡಿ ಹತ್ತಿ ಹೋಗಿ ಬಚ್ಚಲ ಬಾಗಿಲು ಹಾಕಿಕೊಂಡೆ. ಅಳು ಬಂತು. ಇಷ್ಟು ವಯಸ್ಸಾಗಿ ಸೈಕಲ್ಲಿಗೋಸ್ಕರ ಅಳುವುದೇ ಎಂದು ಇನ್ನಷ್ಟು ಸಿಟ್ಟು ಬಂತು. ಸೈಕಲ್ಲು ಕೆಟ್ಟಿತೆಂದು ನನಗೆ ದುಃಖವಾಗಿರಲಿಲ್ಲ. ಕೆಟ್ಟದ್ದನ್ನು ಸರಿಮಾಡಬಹುದು. ಕೆಡಿಸುವ ಅವಕಾಶವನ್ನೂ ಅವರೇ ತೆಗೆದುಕೊಂಡರಲ್ಲ ಎಂಬುದು ದುಃಖ. ಹತ್ತು ಜನ ಸೇರಿದಲ್ಲಿ ಹಾವು ಸಾಯದು ಅನ್ನುತ್ತಾರೆ. ಇಲ್ಲಿ ಮೂವರೇ ಸಾಕಾದರು.

ಮುಖ ತೊಳೆದು ಇಳಿದು ಬಂದು, "ಇನ್ನು ಯಾರೂ ಮುಟ್ಟಬೇಡಿ" ಎಂದು ಸ್ಪಷ್ಟವಾಗಿ ಹೇಳಿದೆ. ಎಲ್ಲರೂ ತಲೆಯಾಡಿಸಿದರು. ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹೊರಟಾಗ ನೋಡಿದರೆ ವೆಲ್ಡರು ಕೂತು ಗೇರಿನ ವೈರು ಎಳೆಯುತ್ತಿದ್ದಾನೆ. "ಸಣ್ಣದೊಂದು ಅಡ್ಜಸ್ಟ್‌ಮೆಂಟ್ ಅಕ್ಕಾರ, ಮುಟ್ಟಂಗಿಲ್ಲ ಅಂದ್ರ ಮುಟ್ಟಂಗಿಲ್ಲ" ಎಂದ, ಮುಟ್ಟಿಕೊಂಡೇ.

ಅಂದು ಮಧ್ಯಾಹ್ನ ನನ್ನ ಮೇಜಿಗೆ ಬಂದ ಒಂದು ಪಂಪಿನ ಕವಚದಲ್ಲಿ ಬಿರುಕಿತ್ತು. ಅಭ್ಯಾಸದಂತೆ ಕೆಂಪು ಟ್ಯಾಗು ಕಟ್ಟಿದೆ. ಕಟ್ಟುತ್ತಿದ್ದ ಹಾಗೆಯೇ ತಲೆಯಲ್ಲಿ ದೀಪ ಹತ್ತಿತು. ನಮ್ಮಲ್ಲಿ ಮಾಲಿಗೆ ಕೆಂಪು ಟ್ಯಾಗು ಬಿದ್ದರೆ ಅದು ತಡೆಹಿಡಿದ ಮಾಲು. ಕಟ್ಟಿದವರೇ ಬಿಚ್ಚುವ ತನಕ ಮ್ಯಾನೇಜರೂ ಮುಟ್ಟುವಂತಿಲ್ಲ. ಪೀಣ್ಯದಲ್ಲಿ ಯಾವ ಕಾರ್ಖಾನೆಗೆ ಹೋದರೂ ಇದೇ ನಿಯಮ. ಕೆಲಸಕ್ಕೆ ಸೇರಿದ ಮೊದಲ ದಿನವೇ ಕಲಿಸುತ್ತಾರೆ, ಕಲಿಯದವರು ಬೈಸಿಕೊಂಡು ಕಲಿಯುತ್ತಾರೆ. ಒಂದು ಖಾಲಿ ಟ್ಯಾಗನ್ನು ಕೇಳಿ ಪಡೆದು, ಬ್ಯಾಗಿಗೆ ಹಾಕಿಕೊಂಡು ಮನೆಗೆ ಬಂದೆ. ಸೈಕಲ್ಲಿನ ಹ್ಯಾಂಡಲಿಗೆ ತಂತಿಯಿಂದ ಬಿಗಿದು ಕಟ್ಟಿದೆ.

ಸಂಜೆ ನನ್ನ ಗಂಡ ಬಂದವರೇ ಸ್ಪ್ಯಾನರು ಹಿಡಿದು ಪಾರ್ಕಿಂಗಿಗೆ ಇಳಿದರು. ಕೈ ಚಾಚಿದರು. ಟ್ಯಾಗು ಕಂಡಿತು. ಬಿಸಿ ಪಾತ್ರೆ ತಾಗಿದ ಹಾಗೆ ಕೈ ತಾನಾಗಿಯೇ ಹಿಂದಕ್ಕೆ ಹೋಯಿತು.

"ಏನೇ ಇದು?"

"ಹೋಲ್ಡ್."

"ಮನೇಲೂ ಹೋಲ್ಡಾ?"

"ಹೂಂ. ಬೇಕಾದ್ರೆ ಬಿಚ್ಚಿ."

ಅವರು ಬಿಚ್ಚಲಿಲ್ಲ. ಬಿಚ್ಚಲಾರರು ಎಂದು ನನಗೆ ಗೊತ್ತಿತ್ತು. ಹೆಂಡತಿಯ ಮಾತನ್ನು ಮೀರಿದ ಹಾಗೆ ಕೆಂಪು ಟ್ಯಾಗನ್ನು ಮೀರಲು ಬರುವುದಿಲ್ಲ. ವೆಲ್ಡರು ಬಂದು ನೋಡಿ, ಎರಡು ಹೆಜ್ಜೆ ಹಿಂದೆ ಸರಿದು, "ಟ್ಯಾಗ್ ಬಿದ್ದೈತ್ರಿ, ಇನ್ ನಮ್ಮ ಕೈಯಾಗಿಲ್ಲ" ಎಂದು ಯಾವುದೋ ಸಾವಿನ ಮನೆಯಲ್ಲಿ ಮಾತಾಡುವ ಧ್ವನಿಯಲ್ಲಿ ಹೇಳಿದ. ತಾತ ಕಾರ್ಖಾನೆಯ ಮೆಟ್ಟಿಲು ಹತ್ತಿದವರಲ್ಲ, ಅವರದೇ ನನಗೆ ಭಯವಿತ್ತು. ಅವರು ಟ್ಯಾಗನ್ನು ಬೆರಳಲ್ಲಿ ಹಿಡಿದು ತಿರುಗಿಸಿ ನೋಡಿ, "ದೃಷ್ಟಿಗಾ ಕಣವ್ವ? ಒಳ್ಳೇದು, ಕಟ್ಟಿರು. ಬಿದ್ದೇಟಿಗೆ ಕಟ್ಬೇಕಿತ್ತು" ಎಂದು ಎಣ್ಣೆ ಬುಡ್ಡಿ ಸಮೇತ ಒಳಗೆ ಹೋದರು.

ಆಮೇಲೆ ನಾನು ಕೂತು, ಅವರು ಹಾಕಿದ್ದ ಪ್ರತಿಯೊಂದು ಬೋಲ್ಟನ್ನೂ ಬಿಚ್ಚಿದೆ. ನನ್ನ ಗಂಡ ಬಿಗಿದಿದ್ದನ್ನು ಬಿಚ್ಚಲು ಅಲೆನ್ ಕೀಗೆ ಉದ್ದದ ಪೈಪು ತುರುಕಿ ಜೋತುಬೀಳಬೇಕಾಯಿತು. ಸೈಕಲ್ಲು ಮತ್ತೆ ಡಬ್ಬದಿಂದ ಬಂದ ದಿನದ ಹಾಗೆ ಬಿಡಿಬಿಡಿಯಾಗಿ ಚಾಪೆಯ ಮೇಲೆ ಬಿದ್ದಾಗ ನನಗಾದ ಸಮಾಧಾನವನ್ನು ಯಾರಿಗೆ ಹೇಳಲಿ.

ಸಮಾಧಾನ ಬಹಳ ಹೊತ್ತು ಉಳಿಯಲಿಲ್ಲ. ಕವೆಯನ್ನು ಸರಿಯಾದ ಕಡೆಗೆ ತಿರುಗಿಸಿ ಹ್ಯಾಂಡಲ್ ಹಾಕಿದರೆ, ಚಕ್ರ ಈ ಕಡೆ ನೋಡಿದರೆ ಹ್ಯಾಂಡಲ್ ಆ ಕಡೆ ನೋಡುತ್ತಿತ್ತು. ಮೊಣಕಾಲುಗಳ ನಡುವೆ ಚಕ್ರ ಹಿಡಿದು ಹ್ಯಾಂಡಲ್ ತಿರುಗಿಸಿದೆ, ಈಗ ಇನ್ನೊಂದು ಕಡೆ ನೋಡಿತು. ಡಿಸ್ಕನ್ನು ಮೆಡಿಕಲ್ ಶಾಪಿನಿಂದ ತಂದ ಸ್ಪಿರಿಟ್ಟಿನಲ್ಲಿ ಉಜ್ಜಿ ಉಜ್ಜಿ ಕೈ ಮರಗಟ್ಟಿತು. ಎಣ್ಣೆ ಕುಡಿದ ಬ್ರೇಕ್ ಪ್ಯಾಡುಗಳನ್ನು ಎಸೆದು ಹೊಸದು ತರಬೇಕಾಯಿತು. ಎಡಗಡೆಯ ಪೆಡಲಿನ ತಿರುಪಿನ ಸುತ್ತು ಉಲ್ಟಾ, ಎಡಕ್ಕೆ ತಿರುಗಿಸಿದರೇ ಬಿಗಿಯಾಗುವುದು ಎಂದು ನಾನು ಓದಿದ್ದೆ. ತಲೆಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಕೈ ಅಭ್ಯಾಸದಂತೆ ಬಲಕ್ಕೇ ತಿರುಗಿಸಿ ಒತ್ತಿತು, ಸಣ್ಣ ಅಲ್ಯುಮಿನಿಯಂ ಪುಡಿ ಉದುರಿತು.

ಪ್ರತಿ ಸಂಜೆಯೂ ನನ್ನ ಗಂಡ ಮೆಟ್ಟಿಲ ಮೇಲೆ ಬಂದು ಕೂರುತ್ತಿದ್ದರು. ಮಾತಾಡಬಾರದು ಎಂಬುದು ನಮ್ಮ ಕರಾರು. ಆ ಪೆಡಲನ್ನು ನಾನು ತಪ್ಪು ಕಡೆಗೆ ತಿರುಗಿಸಿದಾಗ ಅವರು ಎರಡೂ ಮೊಣಕಾಲುಗಳನ್ನು ಗಟ್ಟಿಯಾಗಿ ಹಿಡಿದುಕೊಂಡು, ಕಣ್ಣು ಮುಚ್ಚಿ, ಹಲ್ಲಿನ ನೋವಿರುವವರ ಹಾಗೆ ಉಸಿರೆಳೆದರು. ತಪ್ಪು ಕಣ್ಣೆದುರು ಆಗುತ್ತಿರುವಾಗ ಬಾಯಿ ಮುಚ್ಚಿ ಕೂರುವುದು ಎಷ್ಟು ಕಷ್ಟವೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಕನಿಕರ ತೋರಿಸಲಿಲ್ಲ. ಒಂದು ಸಂಜೆ ಅವರೇ ಕಾಫಿ ಮಾಡಿ ತಂದರು. ಸಕ್ಕರೆ ಮರೆತಿದ್ದರು. ಕುಡಿದೆ.

ಗೇರು ಮಾತ್ರ ನನ್ನನ್ನು ಅಳಿಸಿತು. ವೈರನ್ನು ಸ್ವಲ್ಪ ಎಳೆದರೆ ಚೈನು ಒಂದು ಹಲ್ಲು ದಾಟಿ ಹಾರುತ್ತಿತ್ತು, ಸ್ವಲ್ಪ ಬಿಟ್ಟರೆ ಹತ್ತುವುದೇ ಇಲ್ಲ. ಮೇಜಿನ ಮೇಲೆ ಕೂತು ಇದು ಒಂದು ಕೂದಲೆಳೆ ಹೆಚ್ಚಾಯಿತು ಎನ್ನುವುದು ಬೇರೆ, ಆ ಕೂದಲೆಳೆಯನ್ನು ಕೈಯಿಂದ ಕಡಿಮೆ ಮಾಡುವುದು ಬೇರೆ. ತಿರುಗಿಸಿದೆ, ತುಳಿದೆ, ಚೈನು ಬಿತ್ತು. ತಿರುಗಿಸಿದೆ, ತುಳಿದೆ, ಬಿತ್ತು. "ಹಾಳಾಗ್ ಹೋಗು" ಎಂದು ಸೈಕಲ್ಲಿಗೆ ಬಾಯಿಬಿಟ್ಟು ಬೈದೆ. ಮೆಟ್ಟಿಲ ಮೇಲಿಂದ ಒಂದು ಕೆಮ್ಮು ಬಂತು. "ಕೆಮ್ಮಬೇಡಿ!" ಎಂದೆ. ಮತ್ತೊಮ್ಮೆ ತಿರುಗಿಸಿದಾಗ ಚೈನು ಸದ್ದಿಲ್ಲದೆ ಏರಿತು, ಸದ್ದಿಲ್ಲದೆ ಇಳಿಯಿತು. ನಂಬಿಕೆ ಬರದೆ ಎಷ್ಟೋ ಸಲ ಏರಿಸಿ ಇಳಿಸಿ ನೋಡಿದೆ. ಮೈಯೆಲ್ಲ ಗ್ರೀಸು, ಚೂಡಿದಾರ ಹಾಳಾಗಿತ್ತು. ಒಬ್ಬಳೇ ನಗುತ್ತಿದ್ದೆ.

ಎಡ ಪೆಡಲು ತುಳಿದಾಗ ಒಂದು ಸಣ್ಣ ಕಿರ್ ಎನ್ನುವ ಸದ್ದು ಉಳಿದುಕೊಂಡಿತು. ಬೇರೆಯವರು ಮಾಡಿದ್ದರೆ ನಾನು ಪಾಸು ಮಾಡುತ್ತಿರಲಿಲ್ಲ. ಟ್ಯಾಗಿನ ತಂತಿ ಕತ್ತರಿಸಿ ಬಿಸಾಡಿದೆ, ಸೀಟನ್ನು ನನ್ನ ಕಾಲು ನೆಲಕ್ಕೆ ತಾಗುವ ಎತ್ತರಕ್ಕೆ ಇಳಿಸಿದೆ.

ಮರುದಿನ ಬೆಳಿಗ್ಗೆ ಕಾರ್ಖಾನೆಗೆ ಅದರಲ್ಲೇ ಹೋದೆ. ಅಗೆದ ರಸ್ತೆಯಲ್ಲಿ ಇಳಿದು ಹತ್ತಿದೆ, ಲಾರಿಗಳ ಹಿಂದೆ ನಿಂತೆ, ಲೇತುಗಳಿಂದ ಬಿದ್ದ ಕಬ್ಬಿಣದ ಸುರುಳಿಗಳನ್ನು ತಪ್ಪಿಸಿ ಹೋದೆ. ಹಿಡಿದ ಕಡೆ ಬ್ರೇಕು ಹಿಡಿಯಿತು. ಕಾರ್ಖಾನೆಯ ಗೇಟಿನಲ್ಲಿ ಇಳಿದಾಗ ಸೆಕ್ಯೂರಿಟಿಯವನು ಕುರ್ಚಿಯಿಂದ ಎದ್ದು ಬಂದ. ಬಹಳ ವರ್ಷಗಳಿಂದ ನನ್ನನ್ನು ಬಲ್ಲವನು. ಸೈಕಲ್ಲನ್ನು ಒಂದು ಸುತ್ತು ಸುತ್ತಿ ನೋಡಿದ.

"ಸಕ್ಕತ್ತಾಗಿದೆ ಮೇಡಂ. ಅಂಗಡಿಯವ್ರೇ ಫಿಟ್ ಮಾಡ್ಕೊಟ್ರಾ?"

"ಇಲ್ಲಪ್ಪ, ಆನ್‌ಲೈನಲ್ಲಿ ತರ್ಸಿದ್ದು. ನಾನೇ ಜೋಡ್ಸಿದ್ದು" ಎಂದೆ. ಹೇಳುವಾಗ ನನ್ನ ದನಿ ಸ್ವಲ್ಪ ಏರಿತ್ತು, ಒಪ್ಪಿಕೊಳ್ಳುತ್ತೇನೆ. ಇಷ್ಟು ವರ್ಷ ಆ ಮಾತಿಗೇ ಕಾದಿದ್ದೆ.

ಅವನು ನನ್ನ ಉಗುರುಗಳಲ್ಲಿ ಉಳಿದಿದ್ದ ಕಪ್ಪನ್ನು ನೋಡಿದ. ಮುಖದಲ್ಲಿ ನಿಜವಾದ ಮರುಕವಿತ್ತು.

"ಅಯ್ಯೋ, ಯಾಕ್ ಮೇಡಂ? ಯಜಮಾನ್ರು ಮನೇಲಿರ್ಲಿಲ್ವಾ?"

"ಇದ್ರು ಕಣಪ್ಪಾ" ಎಂದೆ. "ಪಕ್ಕದಲ್ಲೇ ಕೂತಿದ್ರು. ಕೈ ಕಟ್ಕೊಂಡು."